ಮಂಗಳೂರಿಗೆ ಹೋಗಿ ಹಿಂದೆ ಬರುವ ಪಾರ್ಸೆಲ್

ಬೆಂಗಳೂರಿನಿಂದ ಹೊರಟ ಪಾರ್ಸೆಲ್ ಲಾರಿ ಶಿರಾಡಿ ಘಾಟಿ ಇಳಿದು, ಉಪ್ಪಿನಂಗಡಿ, ಮಾಣಿ ದಾಟಿ ಪಾಣೆಮಂಗಳೂರಿನ ಸೇತುವೆ ಹತ್ತುತ್ತದೆ. ನರಿಕೊಂಬು ಎಂಬ ಊರು ಅಲ್ಲೇ ಹತ್ತಿರ. ಆದರೂ ನರಿಕೊಂಬಿನ ಪೊಟ್ಟಣ ಅಲ್ಲಿ ಇಳಿಯುವುದಿಲ್ಲ. ವಿಂಗಡಣೆ ಮಂಗಳೂರಿನಲ್ಲಿದ್ದರೆ ಅದು ಇನ್ನೂ ಸುಮಾರು 25 ಕಿಲೋಮೀಟರ್ ಮುಂದೆ ಹೋಗಿ, ಅದೇ ಹೆದ್ದಾರಿಯಲ್ಲಿ ಹಿಂದಕ್ಕೆ ಬರಬೇಕು. ಮೊಬೈಲಿನಲ್ಲಿ ಪೊಟ್ಟಣದ ಜಾಡು ನೋಡುವವರಿಗೆ ದಾರಿ ತಪ್ಪಿದಂತೆ ಕಾಣುತ್ತದೆ, ತಪ್ಪಿರುವುದಿಲ್ಲ. ಊರಿಂದೂರಿಗೆ ನೇರ ವಾಹನ ಓಡಿಸಲಾಗದ್ದರಿಂದ ಎಲ್ಲವೂ ಒಂದು ಕೇಂದ್ರ ಮುಟ್ಟಿಯೇ ಚದುರಬೇಕು.

ಸಾಮಾನ್ಯ ಪೊಟ್ಟಣದ ಮೇಲಿರುವುದು ಬಾರ್‌ಕೋಡ್ ಚೀಟಿ, ಜಿಪಿಎಸ್ ಅಲ್ಲ. ಯಾರಾದರೂ ಸ್ಕ್ಯಾನರ್ ಹಿಡಿದಾಗಷ್ಟೇ ಒಂದು ಸಾಲು ದಾಖಲಾಗುತ್ತದೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ಲಾರಿ ನಿಂತರೂ ಪರದೆಯ ಮೇಲೆ ಹಳೆಯ ಸಾಲೇ ಇರುತ್ತದೆ.

ಹೆಚ್ಚು ಗೊಂದಲ ಹುಟ್ಟುವುದು ಚೀಲದಿಂದ. ಅಂಚೆಯಲ್ಲಿ ಹಲವು ಪೊಟ್ಟಣಗಳನ್ನು ಒಂದು ಚೀಲಕ್ಕೆ ತುಂಬಿ, ಚೀಲಕ್ಕೇ ಬೇರೆ ಬಾರ್‌ಕೋಡ್ ಹಚ್ಚುತ್ತಾರೆ. ಆಮೇಲೆ ದಾರಿಯುದ್ದಕ್ಕೂ ಸ್ಕ್ಯಾನ್ ಆಗುವುದು ಚೀಲ. ಅದು ಬಂತೆಂದರೆ ಒಳಗಿನದ್ದೆಲ್ಲವೂ ಬಂತೆಂದು ಗಣಕ ನಂಬುತ್ತದೆ. ನಿಮ್ಮ ಪೊಟ್ಟಣ ಕೈತಪ್ಪಿ ಬೇರೆ ಚೀಲಕ್ಕೆ ಬಿದ್ದಿದ್ದರೆ, ಅದು ಇಲ್ಲದ ಊರಿನಲ್ಲಿ ‘ಬಂದಿದೆ’ ಎಂದು ತೋರಿಸುತ್ತದೆ. ಚೀಲ ಬಂದಿದ್ದರೆ ಚೀಲ ಬಂದಿದೆ ಎಂದೇ ಬರೆಯಬೇಕು. ಗ್ರಾಹಕರಿಗೆ ಅಷ್ಟು ಸತ್ಯ ತಿಳಿಯುವ ಹಕ್ಕಿದೆ.

ಹಳ್ಳಿಯ ಶಾಖಾ ಅಂಚೆ ಕಚೇರಿಗಳಲ್ಲಿ ಈಗ ಕೈಯಲ್ಲಿ ಹಿಡಿಯುವ ಯಂತ್ರಗಳಿವೆ. ನೆಟ್‌ವರ್ಕ್ ಸಿಗದ ಕಡೆ ಮಾಡಿದ ದಾಖಲೆ ಸಿಗ್ನಲ್ ಬಂದ ಮೇಲೆ ಸರ್ವರ್ ಸೇರಬಹುದು. ಸಾಲುಗಳು ಹಿಂದುಮುಂದಾಗುವುದು, ಕೈಸೇರಿದ ಪೊಟ್ಟಣ ಇನ್ನೂ ‘ವಿತರಣೆಗೆ ಹೊರಟಿದೆ’ ಎಂದೇ ಕಾಣುವುದು ಇದರಿಂದಲೂ ಆಗುತ್ತದೆ.

‘ಸಂಖ್ಯೆ ಸಿಗಲಿಲ್ಲ’ ಎಂದು ಬಂದರೆ ಮೊದಲು ಸಂಖ್ಯೆಯನ್ನೇ ಪರೀಕ್ಷಿಸಬಹುದು. ಸ್ಪೀಡ್ ಪೋಸ್ಟ್ ಸಂಖ್ಯೆಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’. ಒಂಬತ್ತನೆಯದು ತಾಳೆಯ ಅಂಕಿ. ಮೊದಲ ಎಂಟನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆಯಬೇಕು. 12345678ಕ್ಕೆ ಮೊತ್ತ 204, ಶೇಷ 6, ತಾಳೆಯ ಅಂಕಿ 5. (ಉತ್ತರ 10 ಬಂದರೆ 0, 11 ಬಂದರೆ 5.) ತಾಳೆಯಾಗದಿದ್ದರೆ ಬರೆದುಕೊಳ್ಳುವಾಗ ತಪ್ಪಾಗಿದೆ. ತಾಳೆಯಾದರೆ, ಬಹುಶಃ ಚೀಟಿ ಅಂಟಿಸಿದ್ದಾರೆ, ಸ್ಕ್ಯಾನ್ ಇನ್ನೂ ಆಗಿಲ್ಲ.

ತಲುಪದೆಯೇ ‘ತಲುಪಿದೆ’ ಎಂದು ತೋರಿಸಿದರೆ ಮಾತ್ರ ಕಾಯಬಾರದು. ಕೊನೆಯ ಸಾಲಿನಲ್ಲಿ ಹೆಸರಿರುವ ಕಚೇರಿಗೇ ಅಂದೇ ಹೋಗಿ, ಯಾರ ಸಹಿಗೆ ಕೊಟ್ಟರೆಂದು ಕೇಳಬೇಕು. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ನಲ್ಲಿ ಒಟಿಪಿ ಹೇಳಿದ ಮೇಲೆಯೇ ಪೊಟ್ಟಣ ಕೊಡುವ ಸೌಲಭ್ಯವೂ ಇದೆ. ಕಳಿಸುವವರು ಬುಕ್ ಮಾಡುವಾಗಲೇ ಅದನ್ನು ಕೇಳಿ ಪಡೆಯಬೇಕು.