ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯನೀರು: ಯಂತ್ರ ಕೊಳ್ಳುವ ಮುನ್ನ

ಬೆಂಗಳೂರಿನ ಪೀಣ್ಯ ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿ ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ವಾಹನ ಹಾಗೂ ಯಂತ್ರಗಳ ಬಿಡಿಭಾಗಗಳಿಗೆ ಸತು, ನಿಕ್ಕಲ್ ಮತ್ತು ಕ್ರೋಮಿಯಂ ಲೇಪನ ಮಾಡಿಕೊಡುತ್ತವೆ. ಈ ಘಟಕಗಳ ತ್ಯಾಜ್ಯನೀರಿನ ಬಹುಪಾಲು ಲೇಪನದ ನಂತರ ಬಿಡಿಭಾಗಗಳನ್ನು ತೊಳೆದ ನೀರೇ ಆಗಿದೆ. 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮದಂತೆ ಇಂತಹ ಘಟಕದ ಸ್ಥಾಪನೆಗೂ ಕಾರ್ಯಾಚರಣೆಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಅವಶ್ಯಕ. ಘಟಕವನ್ನು ಮುಚ್ಚಿಸುವ, ವಿದ್ಯುತ್ ಹಾಗೂ ನೀರಿನ ಸಂಪರ್ಕವನ್ನು ನಿಲ್ಲಿಸುವ ಆದೇಶ ನೀಡುವ ಅಧಿಕಾರವನ್ನು ಇದೇ ಅಧಿನಿಯಮದ 33ಎ ಕಲಮು ಮಂಡಳಿಗೆ ಕೊಟ್ಟಿದೆ. ಆದುದರಿಂದ ತ್ಯಾಜ್ಯನೀರಿನ ಪ್ರಶ್ನೆ ಉದ್ದಿಮೆಯ ಅಳಿವು ಉಳಿವಿನ ಪ್ರಶ್ನೆಯೂ ಹೌದು.

ಮೊದಲು ನೀರಿನ ಉಳಿತಾಯ

ಶುದ್ಧೀಕರಣ ಯಂತ್ರಕ್ಕೆ ಬಂಡವಾಳ ಹೂಡುವ ಮುನ್ನ ತೊಳೆಯುವ ಕ್ರಮವನ್ನು ಪರಿಶೀಲಿಸುವುದು ಲಾಭದಾಯಕ. ಬಿಡಿಭಾಗಗಳಿಗೆ ಅಂಟಿಕೊಂಡು ಬರುವ ದ್ರಾವಣವೇ ಮಾಲಿನ್ಯದ ಮೂಲ. ಅವುಗಳನ್ನು ತೊಟ್ಟಿಯ ಮೇಲೆಯೇ ಕೆಲವು ಕ್ಷಣ ಸೋರಲು ಬಿಟ್ಟರೆ ಬೆಲೆಬಾಳುವ ರಾಸಾಯನಿಕವೂ ಉಳಿಯುತ್ತದೆ. ಅಂಟಿಬಂದ 1 ಲೀಟರ್ ದ್ರಾವಣವನ್ನು ಸಾವಿರ ಪಟ್ಟು ತೆಳುವಾಗಿಸಲು ಒಂದೇ ತೊಟ್ಟಿಯಲ್ಲಿ ಸುಮಾರು 1,000 ಲೀಟರ್ ನೀರು ಬೇಕು. ಎರಡು ತೊಟ್ಟಿಗಳನ್ನು ಸಾಲಾಗಿಟ್ಟು, ಹೊಸ ನೀರನ್ನು ಕೊನೆಯ ತೊಟ್ಟಿಗೆ ಬಿಟ್ಟು, ಅದು ಬಿಡಿಭಾಗಗಳು ಸಾಗುವ ದಿಕ್ಕಿಗೆ ಎದುರಾಗಿ ಹರಿಯುವಂತೆ ಮಾಡಿದರೆ ಲೆಕ್ಕದ ಪ್ರಕಾರ ಸುಮಾರು 32 ಲೀಟರ್ ಸಾಕು. ಮೂರು ತೊಟ್ಟಿಗಳಾದರೆ ಸುಮಾರು 10 ಲೀಟರ್. ಪ್ರತ್ಯಕ್ಷ ಬಳಕೆಯಲ್ಲಿ ಇದು ತುಸು ಹೆಚ್ಚಾದರೂ, ನೀರಿನ ವೆಚ್ಚ ಹಾಗೂ ಶುದ್ಧೀಕರಣ ಘಟಕದ ಗಾತ್ರ ಎರಡೂ ಇಳಿಯುತ್ತವೆ.

ನಂತರ ಪ್ರತ್ಯೇಕ ಕಾಲುವೆ

ಸಯನೈಡ್ ಇರುವ ನೀರನ್ನೂ ಆಮ್ಲೀಯ ನೀರನ್ನೂ ಯಾವ ಕಾರಣಕ್ಕೂ ಒಂದೇ ಕಾಲುವೆಗೆ ಬಿಡಕೂಡದು. ಅವು ಬೆರೆತರೆ ಪ್ರಾಣಾಂತಕವಾದ ಹೈಡ್ರೋಜನ್ ಸಯನೈಡ್ ಅನಿಲ ಹೊರಡುತ್ತದೆ. ಸಯನೈಡ್ ನೀರನ್ನು ಪಿಎಚ್ 10ಕ್ಕಿಂತ ಮೇಲಿಟ್ಟು ಸೋಡಿಯಂ ಹೈಪೋಕ್ಲೋರೈಟ್‌ನಿಂದ ಉಪಚರಿಸಬೇಕು. ಕ್ರೋಮಿಯಂ ನೀರಿಗೆ ಇದಕ್ಕೆ ವಿರುದ್ಧವಾದ ಕ್ರಮ: ಪಿಎಚ್ 2ರಿಂದ 3ರಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಸೇರಿಸಿದಾಗ ವಿಷಕಾರಿಯಾದ ಷಡ್ವೇಲೆನ್ಸಿ ಕ್ರೋಮಿಯಂ ತ್ರಿವೇಲೆನ್ಸಿ ರೂಪಕ್ಕೆ ಇಳಿದು, ಹಳದಿ ನೀರು ಹಸಿರಾಗುತ್ತದೆ. ಈ ಎರಡೂ ಉಪಚಾರಗಳು ಪೂರ್ಣಗೊಂಡ ಬಳಿಕವಷ್ಟೇ ನೀರನ್ನು ಕೂಡಿಸಿ, ಸುಣ್ಣದಿಂದ ಪಿಎಚ್ ಅನ್ನು ಸುಮಾರು 9ಕ್ಕೆ ಏರಿಸಿದರೆ ಲೋಹಗಳು ಹೈಡ್ರಾಕ್ಸೈಡ್ ಕೆಸರಾಗಿ ತಳಕ್ಕಿಳಿಯುತ್ತವೆ.

ಮಿತಿ ಮತ್ತು ಕೆಸರು

ಹೊರಬಿಡುವ ನೀರಿನಲ್ಲಿ ಪ್ರತಿ ಲೀಟರಿಗೆ ಷಡ್ವೇಲೆನ್ಸಿ ಕ್ರೋಮಿಯಂ 0.1, ಸಯನೈಡ್ 0.2, ನಿಕ್ಕಲ್ 3 ಹಾಗೂ ಸತು 5 ಮಿಲಿಗ್ರಾಂ ಮೀರಕೂಡದು. ಕೊನೆಯಲ್ಲಿ ಕೊಳವೆ ಬಾವಿಯ ನೀರು ಬೆರೆಸಿ ಈ ಅಂಕಿಗಳನ್ನು ತಲುಪುವುದು ಶುದ್ಧೀಕರಣವಲ್ಲ. ಮಣ್ಣಿಗೂ ಅಂತರ್ಜಲಕ್ಕೂ ಸೇರುವ ಲೋಹದ ಮೊತ್ತ ಅಷ್ಟೇ ಉಳಿಯುತ್ತದೆ. ಫಿಲ್ಟರ್ ಪ್ರೆಸ್‌ನಿಂದ ಬರುವ ಕೆಸರು ಅಪಾಯಕಾರಿ ತ್ಯಾಜ್ಯ. 2016ರ ನಿಯಮಗಳ ಪ್ರಕಾರ ಅದನ್ನು ಸಾಮಾನ್ಯವಾಗಿ 90 ದಿನಗಳೊಳಗೆ ಅಧಿಕೃತ ವಿಲೇವಾರಿ ಘಟಕಕ್ಕೆ ಕಳುಹಿಸಿ ದಾಖಲೆ ಇಡಬೇಕು.

ಸ್ವಂತ ಘಟಕ ನಿರ್ಮಿಸಲು ಜಾಗ ಅಥವಾ ಬಂಡವಾಳವಿಲ್ಲದವರು ಲೋಹಯುಕ್ತ ನೀರನ್ನು ಸ್ವೀಕರಿಸಲು ಅನುಮತಿಯಿರುವ ಸಾಮೂಹಿಕ ಶುದ್ಧೀಕರಣ ಘಟಕದ ಸದಸ್ಯರಾಗಬಹುದು. ಅಲ್ಲಿಯೂ ಶುಲ್ಕ ನಿಗದಿಯಾಗುವುದು ಕಳುಹಿಸಿದ ನೀರಿನ ಪ್ರಮಾಣದ ಮೇಲಾದರೆ, ಹೆಚ್ಚುವರಿ ತೊಳೆಯುವ ತೊಟ್ಟಿಗೆ ಹಾಕಿದ ಹಣ ಪ್ರತಿ ತಿಂಗಳ ಬಿಲ್ಲಿನಲ್ಲಿ ಮರಳಿ ಬರುತ್ತದೆ.