ಆನ್‌ಲೈನ್ ಅರ್ಜಿ ನಮೂನೆಯ ಪರಿಷ್ಕರಣೆ: ಅರ್ಜಿದಾರರಿಗೆ ವಿವರಣೆ

ಇಲಾಖೆಯ ಸೇವೆಗಳಿಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ, ಅರ್ಜಿ ನಮೂನೆಯ ರಚನೆಯಲ್ಲಿ ಅನುಸರಿಸಲಾಗುವ ಕ್ರಮಗಳನ್ನು ಹಾಗೂ ಅವುಗಳ ಕಾರಣಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಉದ್ದೇಶ

ಕಚೇರಿಯಲ್ಲಿ ಖುದ್ದಾಗಿ ಅರ್ಜಿ ಸಲ್ಲಿಸುವಾಗ ಯಾವ ಅಂಕಣದಲ್ಲಿ ಏನನ್ನು ಬರೆಯಬೇಕೆಂಬುದನ್ನು ಸಿಬ್ಬಂದಿಯಿಂದ ಕೇಳಿ ತಿಳಿಯಬಹುದು. ಆನ್‌ಲೈನ್‌ನಲ್ಲಿ ಈ ನೆರವನ್ನು ನಮೂನೆಯೇ ಒದಗಿಸಬೇಕಾಗುತ್ತದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಡಿ ಅಧಿಸೂಚಿತ ಸೇವೆಗಳಿಗೆ ಕಾಲಮಿತಿ ನಿಗದಿಯಾಗಿದ್ದರೂ, ಅರ್ಜಿಯೇ ಸಲ್ಲಿಕೆಯಾಗದಿದ್ದಲ್ಲಿ ಅದರ ಪ್ರಯೋಜನ ದೊರೆಯದು. ನಮೂನೆಯ ದೋಷದಿಂದಾಗಿ ಅರ್ಹರೊಬ್ಬರು ಸೇವೆಯಿಂದ ವಂಚಿತರಾಗಬಾರದೆಂಬುದೇ ಪರಿಷ್ಕರಣೆಯ ಉದ್ದೇಶವಾಗಿರುತ್ತದೆ.

2. ರಚನೆ ಮತ್ತು ವಿನ್ಯಾಸ

ಎಚ್‌ಟಿಎಂಎಲ್ ಎಂಬುದು ಪುಟದಲ್ಲಿರುವ ಪ್ರತಿಯೊಂದು ಅಂಶವು ಏನೆಂಬುದನ್ನು ಸೂಚಿಸುವ ಭಾಷೆ. ಅದು ಹೇಗೆ ಕಾಣಬೇಕೆಂಬುದನ್ನು ಸಿಎಸ್‌ಎಸ್ ನಿರ್ಧರಿಸುತ್ತದೆ. ಹೊಸದಾಗಿ ಕಲಿತವರು ರಚಿಸುವ ನಮೂನೆಗಳಲ್ಲಿ ಇವೆರಡೂ ಬೆರೆತಿರುವುದು ಸಾಮಾನ್ಯ. ಸಾಲುಗಳನ್ನು ಹೊಂದಿಸಲು ಕೋಷ್ಟಕವನ್ನೂ ಖಾಲಿ ಜಾಗಗಳನ್ನೂ ಬಳಸಿರುತ್ತಾರೆ. ಗಣಕಯಂತ್ರದಲ್ಲಿ ಸರಿಯಾಗಿ ಕಾಣುವ ಇಂತಹ ನಮೂನೆಯ ಬಲಭಾಗವು ಮೊಬೈಲ್‌ನಲ್ಲಿ ತೆರೆಯಿಂದ ಹೊರಗುಳಿಯುತ್ತದೆ. ಕೋಷ್ಟಕವನ್ನು ತೆಗೆದು, ಅಳತೆಗಳನ್ನು ಸಿಎಸ್‌ಎಸ್‌ಗೆ ವಹಿಸಿದಾಗ ಕಿರಿದಾದ ತೆರೆಯಲ್ಲಿ ಅಂಕಣಗಳು ಒಂದರ ಕೆಳಗೊಂದು ಬರುತ್ತವೆ.

3. ಅಂಕಣದ ಹೆಸರು

ಪ್ರತಿ ಚೌಕಕ್ಕೂ ಲೇಬಲ್ ಅಳವಡಿಸಿ, ಅದನ್ನು ಆ ಚೌಕದ ಗುರುತಿಗೆ ಜೋಡಿಸತಕ್ಕದ್ದು. ಜೋಡಣೆಯಿದ್ದಲ್ಲಿ, ಎನ್‌ವಿಡಿಎ ಮುಂತಾದ ತೆರೆ ಓದುವ ತಂತ್ರಾಂಶವು ದೃಷ್ಟಿದೋಷವುಳ್ಳ ಅರ್ಜಿದಾರರಿಗೆ ‘ತಂದೆಯ ಹೆಸರು’ ಎಂದು ಓದಿ ಹೇಳುತ್ತದೆ. ಇಲ್ಲವಾದಲ್ಲಿ ಅದು ಯಾವ ಚೌಕವೆಂದು ಅವರಿಗೆ ತಿಳಿಯದೇ ಹೋಗಬಹುದು. ಚೌಕದೊಳಗೆ ಮಸುಕಾಗಿ ಬರೆದ ಸೂಚನೆಯು ಬೆರಳಚ್ಚು ಆರಂಭಿಸಿದೊಡನೆ ಮರೆಯಾಗುವುದರಿಂದ, ಅದನ್ನು ಲೇಬಲ್‌ಗೆ ಬದಲಾಗಿ ಬಳಸುವುದು ಸೂಕ್ತವಲ್ಲ. ಖಾಯಂ ವಿಳಾಸ ಮತ್ತು ಪ್ರಸ್ತುತ ವಿಳಾಸದಂತಹ ಗುಂಪುಗಳನ್ನು ಫೀಲ್ಡ್‌ಸೆಟ್ ಮೂಲಕ ಬೇರ್ಪಡಿಸಲಾಗುತ್ತದೆ. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವು ವಿಕಲಚೇತನರಿಗೆ ಸುಗಮವಾಗಿ ದೊರೆಯುವಂತೆ ಕ್ರಮ ಕೈಗೊಳ್ಳುವ ಹೊಣೆಯನ್ನು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕರಣ 42 ಸರ್ಕಾರಕ್ಕೆ ವಹಿಸಿದೆ.

4. ಕನ್ನಡದಲ್ಲಿ ಹೆಸರು

(ಅ) ಯುನಿಕೋಡ್‌ನಲ್ಲಿ ‘ಲಕ್ಷ್ಮಮ್ಮ’ ಎಂಬ 3 ಅಕ್ಷರಗಳ ಹೆಸರು 9 ಸಂಕೇತಗಳಾಗಿ ಎಣಿಕೆಯಾಗುತ್ತದೆ. ಇಂಗ್ಲಿಷ್ ಹೆಸರುಗಳ ಅಂದಾಜಿನಲ್ಲಿ ಗರಿಷ್ಠ ಮಿತಿ ವಿಧಿಸಿದಲ್ಲಿ ಕನ್ನಡದ ಹೆಸರು ಅರ್ಧಕ್ಕೆ ನಿಲ್ಲುವುದರಿಂದ ಮಿತಿಯನ್ನು ಸಾಕಷ್ಟು ಹೆಚ್ಚಿಸತಕ್ಕದ್ದು.

(ಆ) ಚೌಕದ ಎತ್ತರ ಕಡಿಮೆಯಿದ್ದಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿದಂತೆ ಕಾಣುತ್ತದೆ. ‘ಬಸಮ್ಮ’ ಎಂಬುದು ‘ಬಸಮ’ ಎಂದು ತೋರಿದಲ್ಲಿ, ಪಡಿತರ ಚೀಟಿಯಲ್ಲಿರುವ ಹೆಸರಿನೊಂದಿಗೆ ತಾಳೆ ನೋಡುವುದು ಕಷ್ಟ. ಸಿಎಸ್‌ಎಸ್‌ನಲ್ಲಿ ಸಾಲಿನ ಎತ್ತರವನ್ನು ಹೆಚ್ಚಿಸಿ ಇದನ್ನು ಸರಿಪಡಿಸಲಾಗುತ್ತದೆ.

(ಇ) ನಮ್ಮಲ್ಲಿ ಅನೇಕರಿಗೆ ಇನಿಷಿಯಲ್ ಹೊರತು ಅಡ್ಡಹೆಸರು ಇರುವುದಿಲ್ಲ. ಅಡ್ಡಹೆಸರನ್ನು ಕಡ್ಡಾಯಗೊಳಿಸಿದ ನಮೂನೆಯನ್ನು ಅಂತಹವರು ಮುಂದುವರಿಸಲಾಗದು. ಆದ್ದರಿಂದ ‘ಪೂರ್ಣ ಹೆಸರು’ ಎಂಬ ಒಂದೇ ಅಂಕಣ ಸಾಕು.

5. ದೋಷ ಸೂಚನೆ

ತಪ್ಪಾದ ಚೌಕವನ್ನು ಕೆಂಪು ಬಣ್ಣದಿಂದ ಮಾತ್ರ ಗುರುತಿಸಿದಲ್ಲಿ ಬಣ್ಣಗುರುಡು ಇರುವವರಿಗೆ ತಿಳಿಯುವುದಿಲ್ಲ. ‘ಪಿನ್ ಕೋಡ್ 6 ಅಂಕಿಗಳಿರಬೇಕು’ ಎಂದು ಚೌಕದ ಕೆಳಗೆ ಅಕ್ಷರಗಳಲ್ಲಿ ತೋರಿಸಿ, ಈಗಾಗಲೇ ಭರ್ತಿ ಮಾಡಿದ ಇತರ ವಿವರಗಳನ್ನು ಹಾಗೆಯೇ ಉಳಿಸತಕ್ಕದ್ದು. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ವ್ಯತ್ಯಾಸದ ಅನುಪಾತವು ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5:1 ಇರಬೇಕೆಂಬುದು ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿಯ ಎಎ ಮಟ್ಟದ ಮಾನದಂಡ.

6. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ಅಂಕಣದ ಹೆಸರನ್ನು ಒತ್ತಿ ನೋಡುವುದು. ಕರ್ಸರ್ ಅದೇ ಚೌಕಕ್ಕೆ ಬಂದಲ್ಲಿ ಲೇಬಲ್ ಸರಿಯಾಗಿ ಜೋಡಣೆಯಾಗಿದೆಯೆಂದು ತಿಳಿಯುವುದು.
(ಆ) ಮೌಸ್ ಇಲ್ಲದಿದ್ದಲ್ಲಿ ಟ್ಯಾಬ್ ಕೀಲಿಯಿಂದ ಒಂದೊಂದೇ ಚೌಕಕ್ಕೆ ಸಾಗುವುದು.
(ಇ) ಹೆಸರನ್ನು ಯುನಿಕೋಡ್ ಅಕ್ಷರಗಳಲ್ಲಿ, ದಾಖಲೆಯಲ್ಲಿರುವಂತೆಯೇ ನಮೂದಿಸುವುದು.
(ಈ) ಸಲ್ಲಿಸಿದ ನಂತರ ಸ್ವೀಕೃತಿ ಸಂಖ್ಯೆಯನ್ನು ತಪ್ಪದೇ ಬರೆದಿಟ್ಟುಕೊಳ್ಳುವುದು.

ಯಾವುದೇ ಅಂಕಣವನ್ನು ಭರ್ತಿ ಮಾಡಲಾಗದಿದ್ದಲ್ಲಿ ಸೇವೆಯ ಹೆಸರು, ಅಂಕಣದ ಹೆಸರು ಹಾಗೂ ತೆರೆಯ ಮೇಲೆ ಕಂಡ ಸೂಚನೆಯನ್ನು ಬರೆದು ಸಂಬಂಧಿಸಿದ ಕಚೇರಿಯ ಗಮನಕ್ಕೆ ತರಬಹುದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.