ದ್ವೀಪದ ಡೋಲಿ, ನಮ್ಮ ಮನೆಯ ಪಾಟ್

ಲಕ್ಷದ್ವೀಪ ಅಂದರೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಮಂಗಳೂರಿನ ಬಂದರ್. ದ್ವೀಪದವರು ಓಡಗಳಲ್ಲಿ ನಾರಿನ ಹಗ್ಗ, ಕೊಬ್ಬರಿ ತಂದು ಇಲ್ಲಿಂದ ಅಕ್ಕಿ ಒಯ್ಯುತ್ತಿದ್ದರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಟಿಪ್ಪು ಸುಲ್ತಾನರ ಆಳ್ವಿಕೆಯಲ್ಲಿದ್ದವು. 1799ರಲ್ಲಿ ಬ್ರಿಟಿಷರ ಪಾಲಾಗಿ, 1956ರ ತನಕ ದಕ್ಷಿಣ ಕನ್ನಡಕ್ಕೇ ಸೇರಿದ್ದವು.

ಹಾಡಿನಲ್ಲೂ ಆ ನಂಟಿದೆ. ಅಲ್ಲಿ ಡೋಲಿ ಬಾರಿಸಿ ಹಾಡುವ ಡೋಲಿಪಾಟ್ಟು, ಕತ್ತಿ-ಗುರಾಣಿ ಹಿಡಿದು ಕುಣಿಯುವ ಪರಿಚಕಳಿ ಇವೆ. ದಫ್, ಕೋಲ್ಕಳಿ ಅವರಲ್ಲೂ ಇವೆ, ನಮ್ಮಲ್ಲೂ ಇವೆ. ದ್ವೀಪದ ಜಸರಿ, ನಮ್ಮ ಬ್ಯಾರಿ ಎರಡೂ ಮಲಯಾಳಂ ನಂಟಿನ ಮಾತುಗಳೇ.

ಇಂಥ ಹಾಡಿಗೆ ಗುಂಪು ಬೇಕು. ಒಬ್ಬರು ಎತ್ತಿಕೊಡಬೇಕು, ಉಳಿದವರು ಹಿಂದೆ ಹೇಳಬೇಕು. ಹೇಳುವವರಿಲ್ಲದಿದ್ದರೆ ಹಾಡು ಅಲ್ಲಿಗೇ ನಿಂತಿತು. ಘಟ್ಟ ಹತ್ತಿ ಬಂದು ಹೊಸ ಅಗ್ರಹಾರ, ಹುಣಸೂರಿನ ಕಡೆ ನೆಲೆಸಿದ ನಮ್ಮಂಥ ಕೆಲವೇ ಮನೆಗಳಿಗೆ ಇದು ಚೆನ್ನಾಗಿ ಗೊತ್ತು. ಅಜ್ಜಿಗೆ ಮದುವೆಯ ಪಾಟ್ ಬರುತ್ತದೆ, ಹಿಂದೆ ಹೇಳಲು ಮೊಮ್ಮಕ್ಕಳಿಗೆ ಬರುವುದಿಲ್ಲ. ಹಾಲ್‌ನಲ್ಲಿ ಸ್ಪೀಕರ್ ಹಾಡುತ್ತದೆ, ನಾವು ಬಿರಿಯಾನಿ ತಿಂದು ಹೊರಡುತ್ತೇವೆ.

2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು, ಸಂತೋಷವೇ. ಆದರೆ ಪುಸ್ತಕದಲ್ಲಿ ಉಳಿಯುವುದು ಪದ. ರಾಗ ಉಳಿಯುವುದು ಬಾಯಲ್ಲಿ ಮಾತ್ರ. ಮುಂದಿನ ಮದುವೆಯಲ್ಲಿ ಅರ್ಧ ಗಂಟೆ ಸ್ಪೀಕರ್ ಆಫ್ ಮಾಡೋಣ. ಹಿರಿಯರೊಬ್ಬರನ್ನು ಕೂರಿಸಿ ಹಾಡು ಎತ್ತಿಸೋಣ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳೋಣ. ಹಿಂದೆ ಹೇಳುವಾಗ ತಪ್ಪಿದರೂ ಪರವಾಗಿಲ್ಲ, ಅವರೇ ತಿದ್ದುತ್ತಾರೆ. ತಿದ್ದುವವರು ಇನ್ನೂ ಇದ್ದಾರಲ್ಲ, ಅಲ್ಹಮ್ದುಲಿಲ್ಲಾಹ್.